ಲೆಕ್ಕದ ಪುಸ್ತಕದ ಮೀನುಗಳು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದ.

ಮಂಗಳೂರಿನ ಸೆಕೆ ತಡೆಯೋಕಾಗ್ತಿದೆಯಾ? ಇಲ್ಲಿ ಶಿವರಾತ್ರಿ ಕಳೆದದ್ದೇ ಚಳಿ ಶಿವಶಿವಾ ಅಂತ ಹೊರಟುಹೋಯಿತು, ಹೊಂಗೆ ಚಿಗುರಿದೆ. ಗಾಳಿಬೋರೆಯ ಮೀನು ಹಿಡಿಯುವ ಕ್ಯಾಂಪಿನಲ್ಲಿ ನಾನು ಗೈಡ್ ಆಗಿದ್ದ ಕಾಲದ್ದು ಬರೆದುಕೊಡು ಅಂತ ಕೇಳಿದೆಯಲ್ಲ, ಫೋನಿನಲ್ಲಿ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಕಾಗದ.

ಊರಿನ ಸುಗ್ಗಿ ಮುಗಿದ ಮೇಲೆ ನಮ್ಮ ಸುಗ್ಗಿ ಶುರು. ಸಂಕ್ರಾಂತಿಯಿಂದ ಉಗಾದಿವರೆಗೆ ಕಾವೇರಿ ಇಳಿಯುತ್ತ, ತಿಳಿಯಾಗುತ್ತ ಹೋಗುತ್ತಾಳೆ. ದೊಡ್ಡ ಮೀನೆಲ್ಲ ಮಡುಗಳಿಗೂ ಬಂಡೆ ಸಂದಿನ ಸೆಳವಿಗೂ ಸೇರಿಕೊಳ್ಳುತ್ತವೆ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ನೀರಂಚಿಗೆ ನೆಟ್ಟ ಕಡ್ಡಿ ನೋಡುತ್ತಿದ್ದೆ. ಮೇಲೆ ಶಿವನಸಮುದ್ರದಲ್ಲಿ ಕರೆಂಟಿಗೆ ನೀರು ಬಿಟ್ಟರೆ ನಮ್ಮಲ್ಲಿ ಹೊಳೆ ಏರುತ್ತಿತ್ತು, ನಿಲ್ಲಿಸಿದರೆ ಇಳಿಯುತ್ತಿತ್ತು. ನಿನ್ನೆ ಕೂತ ಬಂಡೆ ಇವತ್ತಿಗೆ ಆಗದು. ಅದನ್ನು ನೋಡಿ ಅತಿಥಿಗಳನ್ನು ಎಲ್ಲಿ ಕೂರಿಸಬೇಕು ಅಂತ ತೀರ್ಮಾನಿಸೋದೇ ನಮ್ಮ ಕೆಲಸ. ಗಾಳ ಬೀಸೋಕೆ ಅವರಿಗೇ ಬರುತ್ತಿತ್ತು.

ಅವರ ತಲೆಯಲ್ಲಿ ಒಂದೇ ಲೆಕ್ಕ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಾಹಶೀರ್ ಮೀನು. ಅದನ್ನು ಮೀರಿಸಬೇಕು ಅಂತ ಇಂಗ್ಲೆಂಡಿನಿಂದ ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ಬರೋರು, ಕೊನೆಗೆ ನಮ್ಮ ರಾಗಿಗೇ ಶರಣು! ಹಿಟ್ಟು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿ ಇರುವಾಗಲೇ ಮತ್ತೆ ನಾದಬೇಕು. ಮೆತ್ತಗಾದರೆ ಸೆಳವಿನಲ್ಲಿ ಕರಗುತ್ತೆ, ಕಲ್ಲಾದರೆ ಗಾಳ ನಾಟಲ್ಲ. ಆ ಹದ ನಿಮ್ಮಜ್ಜಿಯ ಕೈಯಿಂದ ಕಲಿತದ್ದು.

ಮೀನು ಕಚ್ಚಿದರೆ ರೀಲು ಕಿರುಚುತ್ತಿತ್ತು. ಅದು ನೇರ ಬಂಡೆ ಹುಡುಕಿಕೊಂಡು ಹೋಗೋದು. ತಂಗೂಸಿ ಕಲ್ಲಿಗೆ ಸುತ್ತಿಕೊಂಡರೆ ನಾವು ತೆಪ್ಪ ಹಾಕಿ, ನಡುಹೊಳೆಯಲ್ಲಿ ಅದನ್ನು ಬಿಡಿಸಬೇಕು. ಮೊಸಳೆ ಇರೋ ನೀರು, ಆದರೂ ಆ ಹೊತ್ತಿಗೆ ಭಯ ಹತ್ತಿರ ಸುಳಿಯುತ್ತಿರಲಿಲ್ಲ. ದಡಕ್ಕೆ ತಂದ ಮೇಲೆ ತೂಕ, ಒಂದು ಫೋಟೋ. ಆಮೇಲೆ ಮೀನಿನ ತಲೆ ಸೆಳವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬಡಿಯೋವರೆಗೆ ಸೊಂಟಮಟ್ಟ ನೀರಲ್ಲಿ ನಿಲ್ಲಬೇಕು. ಎಷ್ಟೋ ಅತಿಥಿಗಳು ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ಟೀ ಕುಡಿಯೋಕೆ ಹೋಗುತ್ತಿದ್ದರು. ನನಗೆ ಮಾತ್ರ ಆ ಕೆಲಸವೇ ಇಷ್ಟ.

ಸಂಜೆ ಕ್ಯಾಂಪಿನಲ್ಲಿ ಲೆಕ್ಕ ಬರೆಸಬೇಕಿತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಸಿಕ್ಕಿತು, ಒಂದೊಂದೂ ಎಷ್ಟು ಪೌಂಡು. ನಿದ್ದೆಗಣ್ಣಲ್ಲಿ ಹೇಳಿ ಮುಗಿಸುತ್ತಿದ್ದೆವು. ಆ ಪುಸ್ತಕ ಯಾವ ಕೆಲಸಕ್ಕೆ ಬಂತು ನೋಡು. 1998ರಿಂದ 2012ರವರೆಗಿನ ಲೆಕ್ಕ ಹಿಡಿದು ವಿಜ್ಞಾನಿಗಳು 2015ರಲ್ಲಿ ಪ್ರಬಂಧ ಬರೆದರು. 6,000ಕ್ಕೂ ಹೆಚ್ಚು ಮೀನಿನ ಲೆಕ್ಕ. ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯ ಮಾಹಶೀರ್. ಅದು ನಮ್ಮ ಹೊಳೆಯದಲ್ಲ. ಟಾಟಾದವರ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ್ದನ್ನು 1970ರ ದಶಕದಿಂದ ಇಲ್ಲಿ ತಂದು ಬಿಟ್ಟದ್ದು, ಒಳ್ಳೆಯದಾಗಲಿ ಅಂತಲೇ. ನಮ್ಮ ಕಿತ್ತಳೆ ರೆಕ್ಕೆಯ, ಬೆನ್ನು ಗೂನಿನ ಮೀನು ಪುಸ್ತಕದಿಂದ ಹೆಚ್ಚುಕಮ್ಮಿ ಕಾಣೆಯಾಗಿತ್ತು. 'ಈಗೀಗ ಗೂನು ಬೆನ್ನಿನದು ಬರ್ತಿಲ್ಲ' ಅಂತ ನಾವೆಲ್ಲ ಒಲೆ ಮುಂದೆ ಮಾತಾಡಿಕೊಳ್ಳುತ್ತಿದ್ದೆವು. ಪುಸ್ತಕ ಅದನ್ನೇ ಅಂಕಿಯಲ್ಲಿ ಹೇಳಿತು. ಅದಕ್ಕೆ ಟಾರ್ ರೇಮಾದೇವಿ ಅನ್ನೋ ಹೆಸರು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಹಿಡಿದು ಬಿಡೋದರಲ್ಲಿ ಏನು ಸುಖ, ಅದೂ ಹಿಂಸೆ ಅಲ್ಲವಾ ಅಂತ ಕೇಳಿದ್ದೀಯ. ಹಿಂಸೆ ಇಲ್ಲ ಅಂತ ನಾನು ಹೇಳಲ್ಲ, ಗಾಳ ಗಾಳವೇ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಇದೂ ಬೇಟೆಯೇ ಅಂತಾಯಿತು, ಕ್ಯಾಂಪಿನ ಗಾಳ ನಿಂತಿತು. ಆದರೆ ನಮ್ಮಲ್ಲಿ ಎಷ್ಟೋ ಜನ ಮೊದಲು ಸಿಡಿಮದ್ದು ಹಾಕುತ್ತಿದ್ದವರು. ಸಂಬಳ ಬಂದ ಮೇಲೆ ಅವರೇ ರಾತ್ರಿ ಹೊಳೆ ಕಾಯುತ್ತಿದ್ದರು, ಮದ್ದು ಯಾವ ಮಡುವಿಗೆ ಬೀಳುತ್ತೆ ಅನ್ನೋದು ಅವರಿಗೆ ಗೊತ್ತಿತ್ತಲ್ಲ. ಗಾಳ ನಿಂತದ್ದಕ್ಕೆ ನನಗೆ ಬೇಜಾರಿಲ್ಲ. ಕಾವಲೂ ಲೆಕ್ಕವೂ ಅದರ ಜೊತೆಗೇ ನಿಂತದ್ದಕ್ಕೆ ಇದೆ.

ಗೂನು ಬೆನ್ನಿನದು ಮೊಯಾರ್ ಹೊಳೆಯಲ್ಲಿ ಇನ್ನೂ ಇದೆಯಂತೆ. ನಿಮ್ಮ ಕಾಲೇಜಿನವರು ಮೀನಿನ ಅಧ್ಯಯನಕ್ಕೆ ಅಲ್ಲಿಗೆ ಹೋಗೋದಾದರೆ, ಬಲೆ ಬೀಸುವ ಮೊದಲು ಅಲ್ಲಿ ದನ ಕಾಯೋರನ್ನು ಮಾತಾಡಿಸಲಿ. ಬೇಸಗೆಯಲ್ಲಿ ನೀರು ಯಾವ ಮಡುವಿನಲ್ಲಿ ಉಳಿಯುತ್ತೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ನಿನ್ನನ್ನೂ ಕರೆದುಕೊಂಡು ಹೋದರೆ ಹೇಳು, ನಾನೂ ಬರ್ತೀನಿ. ರಾಗಿ ಹಿಟ್ಟು ಮಾತ್ರ ತರಲ್ಲ.

ನಿನ್ನ ಅಪ್ಪ