ಹೂಡಿಯಲ್ಲಿ ಒಂದು ಮಧ್ಯಾಹ್ನ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ, ಹೂಡಿ ಎಂಬ ಊರುಂಟು. ದಂಡುಪ್ರದೇಶದಿಂದ ಜೋಲಾರಪೇಟೆಗೆ 1864ರಲ್ಲಿ ತೆರೆದ ರೈಲುದಾರಿಯು ಇದರ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ನೆಲೆಗೊಳಿಸಿದ ವೈಟ್‌ಫೀಲ್ಡು ಇದರ ನೆರೆಯೂರು. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿನ ಹಳ್ಳಿಯಾಗಿದ್ದ ಈ ಊರನ್ನು ಇಂದು ಗಾಜಿನ ಮಹಾಸೌಧಗಳು ಸುತ್ತುವರಿದಿವೆ. ಗ್ರಾಮವೆಂದು ಕರೆಯುವುದು ಅಭ್ಯಾಸಬಲದಿಂದ ಮಾತ್ರ.

ನನ್ನ ತಂಗಿಯ ಮನೆ ಹೂಡಿಯಲ್ಲಿರುವುದರಿಂದ ಆಗಾಗ ಅಲ್ಲಿಗೆ ಹೋಗುವ ರೂಢಿ. ಮೊದಲು ಈ ಪ್ರಯಾಣವೆಂದರೆ ಅರ್ಧ ದಿನದ ತಪಸ್ಸು. 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೆ ಮೆಟ್ರೋ ರೈಲು ಓಡತೊಡಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಅದು ನಗರದ ನಡುವಣ ಮಾರ್ಗದೊಡನೆ ಕೂಡಿಕೊಂಡ ಮೇಲೆ, ಮೆಜೆಸ್ಟಿಕ್ಕಿನಲ್ಲಿ ಹತ್ತಿದವರು ಗಾಡಿ ಬದಲಿಸದೆ ಹೂಡಿಯಲ್ಲಿ ಇಳಿಯಬಹುದಾಗಿದೆ. ಸಾವಿರಾರು ಮಂದಿಯನ್ನು ಹೊತ್ತೋಡುವ ಈ ವಾಹನಕ್ಕೆ ಮಗ್ಗುಲ ಮೂರನೆಯ ಹಳಿಯಿಂದ 750 ವೋಲ್ಟಿನ ವಿದ್ಯುತ್ತು ಒದಗುತ್ತದೆ. ನಾನು ಈ ಸಲ ಹೂಡಿಯಲ್ಲಿ ಕಂಡ ಸಂಗತಿಯಾದರೋ ಕೇವಲ 12 ವೋಲ್ಟಿನದು.

ತಂಗಿಯ ಮನೆಯಲ್ಲಿ ಬಚ್ಚಲಿನ ಬಾಗಿಲು ಕೂರಿಸಲು ಬಂದಿದ್ದ ಬಡಗಿಯು ಕೆಲಸ ನಿಲ್ಲಿಸಿ ಜಗುಲಿಯಲ್ಲಿ ಕುಳಿತಿದ್ದನು. ಮಾಲೂರಿನ ಕಡೆಯವನು, ಐವತ್ತರ ಆಸುಪಾಸಿನ ವಯಸ್ಸು. ಕೈಯಲ್ಲಿ ಬ್ಯಾಟರಿಯಿಂದ ನಡೆಯುವ ಹಳೆಯ ಡ್ರಿಲ್ ಯಂತ್ರ.

“ಬ್ಯಾಟರಿ ಪೂರಾ ಸತ್ತಿದೆ ಸ್ವಾಮಿ. ಈ ಮಾದರೀದು ಈಗ ಅಂಗಡೀಲಿ ಸಿಗೋದೇ ಇಲ್ಲವಂತೆ. ಯಂತ್ರ ಮಾತ್ರ ಕಲ್ಲಿನ ಹಾಗಿದೆ, ಎಸೆಯೋಕೆ ಮನಸ್ಸು ಬರೋದಿಲ್ಲ” ಎಂದನು. ಹೊಸದನ್ನು ಕೊಳ್ಳುವುದೆಂದರೆ ಅವನಿಗೆ ನಾಲ್ಕಾರು ದಿನದ ಕೂಲಿ. ಕೊಳ್ಳದಿದ್ದರೆ ಆ ನಾಲ್ಕಾರು ದಿನದ ಕೆಲಸವೂ ಇಲ್ಲ. ಸಮೀಪದಲ್ಲಿ ಬ್ಯಾಟರಿ ರಿಪೇರಿಯ ಅಂಗಡಿಯೊಂದಿದೆಯೆಂದು ತಂಗಿಯು ತಿಳಿಸಲು, ಕುತೂಹಲದಿಂದ ನಾನೂ ಅವನ ಜೊತೆಯಲ್ಲಿ ಹೊರಟೆನು.

ಅಂಗಡಿಯು ಇಬ್ಬರು ನಿಂತರೆ ಮೂರನೆಯವನಿಗೆ ಎಡೆಯಿಲ್ಲದಷ್ಟು ಚಿಕ್ಕದು. ಅದರ ಯಜಮಾನನು ಮೂವತ್ತರ ತರುಣ. ಅವನು ಬ್ಯಾಟರಿಯ ಕವಚವನ್ನು ಬಿಚ್ಚಿ ತೋರಿಸಿದನು. ಒಳಗೆ ಹತ್ತು ನಿಕ್ಕಲ್-ಕ್ಯಾಡ್ಮಿಯಂ ಕೋಶಗಳು, ಒಂದೊಂದಕ್ಕೆ 1.2 ವೋಲ್ಟಿನಂತೆ ಒಟ್ಟು 12. ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ಜಾತಿಯವು. ಇವುಗಳ ಸ್ಥಾನದಲ್ಲಿ ಮೂರು ಲಿಥಿಯಂ-ಅಯಾನ್ ಕೋಶಗಳನ್ನು ಕೂರಿಸಬಹುದೆಂದು ತರುಣನು ಹೇಳಿದನು. ಈ ಕೋಶವು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನಿಂದ. ಇದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಸಂದಿತು. ಒಂದು ಕೋಶದ ಸಾಮಾನ್ಯ ಒತ್ತಡ 3.7 ವೋಲ್ಟು, ಪೂರ್ತಿ ತುಂಬಿದಾಗ 4.2. ಆದಕಾರಣ ಮೂರನ್ನು ಸಾಲಾಗಿ ಜೋಡಿಸಿದರೆ ಕ್ರಮವಾಗಿ 11.1 ಮತ್ತು 12.6, ಹಳೆಯ ಯಂತ್ರಕ್ಕೆ ಸರಿಹೊಂದುವ ಲೆಕ್ಕ.

“ಹಳೇ ಲ್ಯಾಪ್‌ಟಾಪಿನ ಸೆಲ್ಲು ಇಲ್ಲಿ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನೇ ಹಾಕಿಬಿಡಪ್ಪ” ಎಂದನು ಬಡಗಿ. ಲ್ಯಾಪ್‌ಟಾಪು ಹಿಡಿದ ಲಕ್ಷಾಂತರ ಜನರು ದುಡಿಯುವ ಸೀಮೆಯಲ್ಲಿ ಆ ಮಾತು ಸಹಜವೇ.

“ಬೇಡ ಮೇಸ್ತ್ರಿ. ಅವು ನಿಧಾನವಾಗಿ ಕೊಡೋ ಸೆಲ್ಲುಗಳು. ಡ್ರಿಲ್ಲು ಮರದಲ್ಲಿ ಸಿಕ್ಕಿಕೊಂಡಾಗ ಒಂದೇ ಸಲಕ್ಕೆ ಹತ್ತಾರು ಆಂಪಿಯರ್ ಎಳೆಯುತ್ತೆ, ಅವು ಕಾದು ಹೋಗುತ್ತವೆ” ಎಂದು ತರುಣನು ಒಪ್ಪಲಿಲ್ಲ. ಹೆಚ್ಚು ಪ್ರವಾಹ ಕೊಡಬಲ್ಲ ಮೂರು ಹೊಸ ಕೋಶಗಳನ್ನು, ಒಂದೇ ಮಾದರಿಯವನ್ನು, ಆರಿಸಿ ಮೂರರ ಒತ್ತಡವೂ ಸಮವಾಗಿದೆಯೆಂದು ಮೊದಲು ಅಳೆದುಕೊಂಡನು. ಕಾದ ಬೆಸುಗೆಕಡ್ಡಿಯನ್ನು ಕೋಶಕ್ಕೆ ಹಿಡಿದರೆ ಶಾಖದಿಂದ ಒಳಭಾಗ ಕೆಡುವುದರಿಂದ, ನಿಕ್ಕಲ್ ಪಟ್ಟಿಗಳನ್ನಿಟ್ಟು ಕ್ಷಣಮಾತ್ರದ ವಿದ್ಯುತ್ತಿನಿಂದ ಚುಕ್ಕೆಚುಕ್ಕೆಯಾಗಿ ಬೆಸೆದನು. ಮೇಲೆ ಒಂದು ರಕ್ಷಣಾಫಲಕವನ್ನು ಜೋಡಿಸಿದನು. ಕೋಶವು ಮಿತಿಮೀರಿ ತುಂಬಿದರೂ, ಮಿತಿಮೀರಿ ಬರಿದಾದರೂ, ತಂತಿಗಳು ಒಂದಕ್ಕೊಂದು ತಾಗಿದರೂ ಇದು ಸಂಪರ್ಕವನ್ನು ಕಡಿಯುತ್ತದೆ.

ಯಂತ್ರವು ಗುರ್ರೆಂದು ತಿರುಗಿತು. ಬಡಗಿಯ ಮುಖವರಳಿತು. ಹಣವನ್ನೆಣಿಸಿ ಕೊಟ್ಟು, ತನ್ನ ಹಳೆಯ ಚಾರ್ಜರನ್ನು ಚೀಲಕ್ಕೆ ಹಾಕಲು ಹೋದಾಗ ತರುಣನು ಅವನ ಕೈ ಹಿಡಿದನು.

“ಅದನ್ನ ಇಲ್ಲೇ ಬಿಟ್ಟು ಹೋಗಬೇಕು. ಅದು ಹಳೇ ಸೆಲ್ಲಿಗೆ ಮಾಡಿದ್ದು, 12.6ಕ್ಕೆ ನಿಲ್ಲೋದು ಅದಕ್ಕೆ ಗೊತ್ತಿಲ್ಲ. ಫಲಕ ಇದೆ, ನಿಜ. ಅದು ಕಡೇ ಕಾವಲು ಅಷ್ಟೆ.”

“ಹೊಸ ಚಾರ್ಜರಿಗೆ ಮತ್ತೆ ದುಡ್ಡು! ಮುಂದಿನ ವಾರ ತಗೊಂಡರಾಯಿತು, ಬಿಡಪ್ಪ.”

“ರಾತ್ರಿ ಎಲ್ಲಿ ಚಾರ್ಜಿಗೆ ಹಾಕ್ತೀಯ ಮೇಸ್ತ್ರಿ?”

ಬಡಗಿಯು ಸ್ವಲ್ಪ ತಡೆದು, “ಇರೋದೇ ಒಂದು ಕೋಣೆ. ಮಕ್ಕಳು ಮಲಗೋ ಕಡೆ” ಎಂದನು.

ತರುಣನು ಮರುಮಾತಾಡಲಿಲ್ಲ. 12.6 ವೋಲ್ಟಿನ ಹೊಸ ಚಾರ್ಜರೊಂದನ್ನು ತೆಗೆದು ಅವನ ಚೀಲದಲ್ಲಿಟ್ಟು, “ದುಡ್ಡು ಮುಂದಿನ ವಾರ ಕೊಡು. ನೀನು ಎಚ್ಚರವಾಗಿರುವಾಗ ಮಾತ್ರ ಚಾರ್ಜಿಗೆ ಹಾಕು” ಎಂದನು. ಹಳೆಯದನ್ನು ಬಡಗಿಯೇ ಮೇಜಿನ ಮೇಲಿಟ್ಟನು.

ಗೃಹಸ್ಥರಾದ ವಾಚಕರಿಗೂ ಇದರಲ್ಲಿ ಗ್ರಹಿಸತಕ್ಕ ಅಂಶಗಳಿವೆ. ಮನೆಯ ಟಾರ್ಚು, ಆಟಿಕೆಗಳಲ್ಲಿ 1.5 ವೋಲ್ಟಿನ ಒಣಕೋಶದ ಬದಲಿಗೆ 1.2 ವೋಲ್ಟಿನ ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶಗಳನ್ನು ಬಹುಮಟ್ಟಿಗೆ ನಿಶ್ಚಿಂತೆಯಾಗಿ ಬಳಸಬಹುದು. ಗಾತ್ರದಲ್ಲಿ ಅಷ್ಟೇ ಇದ್ದರೂ 3.7 ವೋಲ್ಟಿನ ಲಿಥಿಯಂ ಕೋಶವನ್ನು ಮಾತ್ರ ಆ ಸ್ಥಳದಲ್ಲಿ ಹಾಕಕೂಡದು. ಕ್ಯಾಡ್ಮಿಯಂ ವಿಷಲೋಹವಾದುದರಿಂದ ಸತ್ತ ಕೋಶಗಳನ್ನು ಮನೆಯ ಕಸದೊಡನೆ ಬೆರೆಸದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು.

ಸಂಜೆಗೆ ಬಚ್ಚಲಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುವಂತಾಯಿತು. ನಾನು ನಿಲ್ದಾಣದ ಮೆಟ್ಟಿಲೇರುವ ವೇಳೆಗೆ ಗಾಜಿನ ಸೌಧಗಳಲ್ಲಿ ದೀಪಗಳು ಬೆಳಗಿದ್ದವು. ಆ ವೈಭವವನ್ನು ನೋಡುತ್ತಿದ್ದರೂ ನನ್ನ ಕಣ್ಣಿಗೆ ಕಟ್ಟಿದ್ದುದು ಚಿಕ್ಕ ಅಂಗಡಿಯ ಮೇಜಿನ ಮೇಲೆ ಉಳಿದುಹೋದ ಆ ಹಳೆಯ ಚಾರ್ಜರೇ.