ಗವಿ ಅಗೆಯುವ ಗೆಳೆಯರು

ನೀರು ಎಂದೋ ಕೊರೆದಿಟ್ಟು, ಆಮೇಲೆ ಮಣ್ಣು ಕಲ್ಲು ತುಂಬಿ ಹೂತುಹೋದ ದಾರಿಯನ್ನು ಮತ್ತೆ ತೆರೆಯುವ ಕೆಲಸಕ್ಕೆ ಗವಿ ಅಗೆಯುವುದು ಎಂದು ಹೆಸರು. ಹಾರೆ, ಸಲಿಕೆ, ಹಗ್ಗ, ಬಕೆಟ್ಟು, ಐದಾರು ಜನ ಗೆಳೆಯರು, ವರ್ಷಗಳು ಉರುಳಿದರೂ ಬತ್ತದ ತಾಳ್ಮೆ, ಇಷ್ಟೇ ಇದರ ಬಂಡವಾಳ. ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಮೆಂಡಿಪ್ ಗುಡ್ಡಗಳಲ್ಲಿ ಇದು ನೂರು ವರ್ಷ ದಾಟಿದ ಹವ್ಯಾಸ. ಹಗಲಿನ ದುಡಿಮೆ ಮುಗಿಸಿ ಬಂದವರು ವಾರದಲ್ಲೊಂದು ಸಂಜೆ ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು ನೆಲದೊಳಗೆ ಇಳಿಯುತ್ತಾರೆ. ಎರಡು ಮೂರು ಗಂಟೆ ಮಣ್ಣು ಎಳೆದು, ಮೇಲೆ ಬಂದು, ಪ್ರಿಡಿ ಹಳ್ಳಿಯ ಹಂಟರ್ಸ್ ಲಾಡ್ಜ್ ಪಬ್ಬಿನಲ್ಲಿ ಕೂತು ಮುಂದಿನ ವಾರದ ಲೆಕ್ಕಾಚಾರ ಹಾಕುತ್ತಾರೆ.

ಮೆಂಡಿಪ್‌ನ ಒಡಲು ಸುಣ್ಣಕಲ್ಲಿನದು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರು ಕಲ್ಲಿನ ಬಿರುಕುಗಳಿಗೆ ಇಳಿದು, ಕಲ್ಲನ್ನೇ ಕರಗಿಸುತ್ತಾ ಕೂದಲೆಳೆಯಷ್ಟಿದ್ದ ಸೀಳನ್ನು ಮನುಷ್ಯ ನಡೆಯುವಷ್ಟು ಅಗಲ ಮಾಡುತ್ತದೆ. ಅದೇ ನೀರು ಮುಂದೊಂದು ಕಾಲದಲ್ಲಿ ಕೆಸರು, ಜಲ್ಲಿ ತಂದು ಸುರಿದು ದಾರಿಯನ್ನು ಮುಚ್ಚಿಬಿಡಬಹುದು. ಚಾವಣಿ ಕುಸಿದು ಗುಂಡುಗಳು ಅಡ್ಡ ಬೀಳಬಹುದು. ಹೀಗೆ ಮುಚ್ಚಿದ ಬಾಯಿಯ ಆಚೆ ಗವಿ ಇನ್ನೂ ಟೊಳ್ಳಾಗಿಯೇ ಉಳಿದಿರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಅಗೆತ ನಿಂತಿದೆ.

ಆ ನಂಬಿಕೆಗೆ ಆಧಾರ ಕೊಡುವುದು ನೀರು ಮತ್ತು ಗಾಳಿ. ಹೊಳೆಯೊಂದು ನೆಲದಲ್ಲಿ ಇಂಗಿ ದೂರದಲ್ಲೆಲ್ಲೋ ಚಿಮ್ಮಿದರೆ ನಡುವೆ ದಾರಿ ಇರಲೇಬೇಕು. ಪ್ರಿಡಿಯ ಬಳಿ ಸೀಸದ ಅದಿರು ತೊಳೆದ ಕೊಳೆನೀರು ನೆಲದಡಿ ಹರಿದು ವೂಕಿ ಹೋಲ್‌ನ ಕಾಗದದ ಗಿರಣಿಯ ನೀರನ್ನು ಕೆಡಿಸಿತೆಂದು 1863ರಲ್ಲಿ ನ್ಯಾಯಾಲಯದಲ್ಲಿ ಮೊಕದ್ದಮೆಯೇ ನಡೆದು, ಗಿರಣಿಯವರು ಗೆದ್ದರು. ಗಾಳಿಯ ಸುಳಿವು ಇನ್ನೂ ಸೂಕ್ಷ್ಮ. ಹೊರಗಿನ ವಾಯುಭಾರ ಇಳಿದಾಗ ಗವಿ ಉಸಿರು ಬಿಡುತ್ತದೆ, ಏರಿದಾಗ ಒಳಗೆಳೆದುಕೊಳ್ಳುತ್ತದೆ. ಎರಡು ಬಾಯಿಗಳಿರುವ ಗವಿಯಲ್ಲಿ ಚಳಿಗಾಲ ಬಂತೆಂದರೆ ಒಳಗಿನ ಬೆಚ್ಚನೆಯ ಗಾಳಿ ಮೇಲಿನ ಬಾಯಿಂದ ಹೊರಬರುತ್ತದೆ. ಅದಕ್ಕೇ ಹಿಮ ಬಿದ್ದ ಬೆಳಗು ಗವಿಗರಿಗೆ ಹಬ್ಬ. ಸುತ್ತಲೂ ಬಿಳುಪಿದ್ದು ಒಂದು ಪೊದೆಯ ಬುಡದಲ್ಲಿ ಮಾತ್ರ ಹಿಮ ಕರಗಿದ್ದರೆ ಅಲ್ಲಿ ನೆಲ ಉಸಿರಾಡುತ್ತಿದೆ ಎಂದೇ ಅರ್ಥ. ಒಳಗಾದರೆ ಊದುಬತ್ತಿ ಹಚ್ಚಿ ಸಂದಿಯ ಬಳಿ ಹಿಡಿಯುತ್ತಾರೆ. ಹೊಗೆ ಒಂದೇ ಕಡೆಗೆ ವಾಲಿದರೆ ಸಾಕು, ಹಾರೆ ಹಾಕುವ ಜಾಗ ಗೊತ್ತಾಯಿತು.

ಅಗೆತದ ತುದಿಯಲ್ಲಿ ಸಾಮಾನ್ಯವಾಗಿ ಒಬ್ಬರಿಗಷ್ಟೇ ಎಡೆ. ಆತ ಮಗ್ಗುಲಾಗಿ ಮಲಗಿ, ಒಂದು ಮೊಣಕೈಯನ್ನು ಗೋಡೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಮೋಟು ಹಾರೆಯಿಂದ ಜೇಡಿಯನ್ನು ಕೀಳುತ್ತಾನೆ. ಕಿತ್ತ ಹೆಂಟೆಯನ್ನು ಸೊಂಟದ ಪಕ್ಕದಿಂದ ಹಿಂದಕ್ಕೆ ತಳ್ಳುತ್ತಾನೆ. ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಕ್ಯಾನು ಅಲ್ಲಿ ಕಾದಿರುತ್ತದೆ. ಎರಡು ಕೊನೆಗೂ ಹಗ್ಗ ಕಟ್ಟಿದ ಆ ದೋಣಿ ತುಂಬಿದೊಡನೆ ‘ಎಳೀರಿ’ ಎಂಬ ಕೂಗು. ಹಗ್ಗ ಬಿಗಿಯುತ್ತದೆ, ದೋಣಿ ನೆಲ ಕೆರೆಯುತ್ತಾ ಕತ್ತಲೆಗೆ ಸರಿಯುತ್ತದೆ. ತಿರುವಿನಲ್ಲಿ ಕೂತ ಎರಡನೆಯವಳು ಅದನ್ನು ಎತ್ತಿ ದಾಟಿಸುತ್ತಾಳೆ, ಮೂರನೆಯವನು ಬಕೆಟ್ಟಿಗೆ ಸುರಿಯುತ್ತಾನೆ, ನಾಲ್ಕನೆಯವನು ರಾಟೆಯಲ್ಲಿ ಮೇಲಕ್ಕೆಳೆಯುತ್ತಾನೆ. ಖಾಲಿ ದೋಣಿ ವಾಪಸು ಬರುವಷ್ಟರಲ್ಲಿ ತುದಿಯವನು ಒಂದು ಗಳಿಗೆ ಸುಮ್ಮನಿದ್ದು ಕಿವಿಗೊಡುತ್ತಾನೆ. ಹಾರೆಯ ಮೊನೆ ಗಟ್ಟಿ ಮಣ್ಣಿಗೆ ತಾಗಿದರೆ ಮಂದ ಸದ್ದು, ಟೊಳ್ಳಿನ ಹತ್ತಿರ ಬಂದರೆ ಬೇರೆಯೇ ನಾದ. ಬೆವರಿದ ಕೆನ್ನೆಗೆ ತಣ್ಣಗೆ ಸೋಕುವ ಗಾಳಿಯ ಎಳೆ ಅವನಿಗೆ ಸಿಗುವ ದಿನಗೂಲಿ. ಅರ್ಧ ಗಂಟೆಗೊಮ್ಮೆ ಸರದಿ ಬದಲಾಗುತ್ತದೆ, ಹಿಂದಿದ್ದವರು ಮುಂದೆ ಬರುತ್ತಾರೆ. ಸಂಜೆಗೆ ಒಂದು ಗೇಣು ಮುಂದೆ ಹೋದರೂ ಅದು ಎಲ್ಲರ ಗೇಣು. ಈ ಹವ್ಯಾಸದ ಸೊಗಸೆಲ್ಲ ಈ ಹಂಚಿಕೆಯಲ್ಲೇ ಇದೆ.

ಅಪಾಯವೂ ಹಂಚಿಕೆಯದೇ. ಸಡಿಲ ಗುಂಡುಗಳ ನಡುವೆ ಅಗೆಯುವಾಗ ಉಕ್ಕಿನ ಕೊಳವೆಗಳನ್ನು ಆನಿಕೆ ಕೊಟ್ಟು ಬಿಗಿಯದೆ ಯಾರೂ ಅಡಿಗೆ ನುಸುಳುವುದಿಲ್ಲ. ಇಕ್ಕಟ್ಟಿನಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ತಲೆನೋವು, ಏದುಸಿರು ಶುರುವಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಹೊರಡಬೇಕು. ಮಳೆ ಬರುವಂತಿದ್ದರೆ ಹೊಳೆ ಹರಿಯುವ ಗವಿಗೆ ಇಳಿಯುವಂತಿಲ್ಲ. ಹೊರಗೆ ಬರುವ ಹೊತ್ತನ್ನು ಮೇಲಿರುವ ಒಬ್ಬರಿಗೆ ಹೇಳಿಯೇ ಇಳಿಯಬೇಕು. ಜಮೀನಿನವರ ಒಪ್ಪಿಗೆ ಇಲ್ಲದೆ ಸಲಿಕೆ ಎತ್ತಬಾರದು. ಇನ್ನೊಂದು ತಂಡ ಹಿಡಿದಿರುವ ಅಗೆತಕ್ಕೆ ಕೈ ಹಾಕಬಾರದು.

ಫಲ ಸಿಗುವ ಕಾಲಕ್ಕೆ ಮಾತ್ರ ನಿಯಮವಿಲ್ಲ. ವೆಲ್ಸ್ ಪಟ್ಟಣದ ಅಂಚೆ ಕಚೇರಿಯಲ್ಲಿದ್ದ ಹರ್ಬರ್ಟ್ ಬಾಲ್ಚ್ 1902ರಲ್ಲಿ ತಂಡ ಕಟ್ಟಿಕೊಂಡು ಪ್ರಿಡಿಯ ಹತ್ತಿರ ಅಗೆಸಿ ಈಸ್ಟ್‌ವಾಟರ್ ಗವಿಯೊಳಗೆ ಇಳಿದರು. ಚಾರ್ಟರ್‌ಹೌಸ್ ಬಳಿಯ ಅಪ್ಪರ್ ಫ್ಲಡ್ ಗವಿಯ ಬಾಯಿ ಕಂಡದ್ದು 1968ರ ಜುಲೈ ಪ್ರವಾಹದ ನಂತರ. ಒಳಗಿನ ದೊಡ್ಡ ದಾರಿ ಅಗೆತಗಾರರಿಗೆ ಒಲಿದದ್ದು 2006ರಲ್ಲಿ. ನಡುವೆ ಉರುಳಿದ್ದು 38 ವರ್ಷ. ಅಮೆರಿಕದ ನ್ಯೂ ಮೆಕ್ಸಿಕೋದ ಲೆಚುಗಿಯಾ ಗವಿ ಮೊದಲು ಮುಂದೆ ದಾರಿಯಿಲ್ಲದ ಗುಂಡಿ ಎಂದೇ ಲೆಕ್ಕ. ಅದರ ತಳದ ಕಲ್ಲುಪುಡಿಯ ಅಡಿಯಿಂದ ಗಾಳಿ ಮೊರೆಯುವುದನ್ನು ಕೇಳಿದ ಗವಿಗರು ಅನುಮತಿ ಪಡೆದು ಅಗೆದು, 1986ರಲ್ಲಿ ಒಳಹೊಕ್ಕರು. ಇಂದು ಅದರ ಅಳೆದ ಉದ್ದ 240 ಕಿಲೋಮೀಟರ್ ಮೀರಿದೆ. ಫ್ರಾನ್ಸಿನ ಆರ್ದೆಶ್ ಕಣಿವೆಯಲ್ಲಿ 1994ರ ಡಿಸೆಂಬರ್ 18ರಂದು ಜಾನ್-ಮಾರಿ ಶೊವೆ, ಎಲಿಯೆಟ್ ಬ್ರುನೆಲ್, ಕ್ರಿಸ್ತಿಯಾನ್ ಇಲೇರ್ ಎಂಬ ಮೂವರು ಗೆಳೆಯರು ಸಂದಿಯಿಂದ ಸುಳಿದ ಗಾಳಿಯ ಜಾಡು ಹಿಡಿದು ಕಲ್ಲು ಸರಿಸಿದರು. ಆಚೆ ಅವರಿಗೆ ಸಿಕ್ಕಿದ್ದು 30,000 ವರ್ಷಕ್ಕೂ ಹಿಂದಿನ ಸಿಂಹ, ಘೇಂಡಾಮೃಗ, ಕುದುರೆಗಳ ಚಿತ್ರಗಳು.

ದಾರಿ ತೆರೆಯುವ ಸೂಚನೆ ಕಂಡಾಗ ಒಳ್ಳೆಯ ತಂಡ ತುಸು ತಡೆದು, ವರ್ಷಗಟ್ಟಲೆ ಬಕೆಟ್ಟು ಎಳೆದವರೆಲ್ಲ ಬರುವ ದಿನಕ್ಕೆ ಕಾಯುತ್ತದೆ. ಒಳಗೆ ಹೋದ ಮೇಲೆ ಮೊದಲ ಹೆಜ್ಜೆಯನ್ನು ಇಡುವಲ್ಲಿಯೇ ಎಚ್ಚರ. ಮುಟ್ಟದ ಕೆಸರು ನೆಲ, ಹುಲ್ಲಿನೆಳೆಯಷ್ಟು ಸಪೂರ ಸುಣ್ಣದ ನಾಳಗಳು ಒಮ್ಮೆ ಕೆಟ್ಟರೆ ಮನುಷ್ಯನ ಆಯುಷ್ಯದಲ್ಲಿ ಮರಳವು. ಆದ್ದರಿಂದ ಒಂದೇ ಜಾಡಿನಲ್ಲಿ ನಡೆದು, ಅದರ ಎರಡು ಅಂಚಿಗೂ ಟೇಪು ಕಟ್ಟುತ್ತಾರೆ. ಬಳಿಕ ದಿಕ್ಸೂಚಿ, ಇಳಿಜಾರು ಮಾಪಕ, ಲೇಸರ್ ಅಳತೆಗಳಿಂದ ಪ್ರತಿ ತಿರುವನ್ನೂ ಅಳೆದು ನಕ್ಷೆ ಬರೆಯುತ್ತಾರೆ. ಹೆಸರಿಡುವ ಹಕ್ಕು ಅಗೆದವರದು. ನಕ್ಷೆಯ ಕೊನೆಗೆ ಮತ್ತೊಂದು ಮಣ್ಣಿನ ಗೋಡೆ ಎದುರಾಗುತ್ತದೆ. ಊದುಬತ್ತಿ ಮತ್ತೆ ಹೊರಬರುತ್ತದೆ. ಹೊಗೆ ವಾಲಿದ ಕಡೆಗೆ ಮುಂದಿನ ವಾರದ ಸಂಜೆಯ ಅಗೆತ.