ಅಜ್ಜಿಯ ಇಳಕಲ್ ಸೀರೆ

ಜತ್ತ, ಅಕ್ಕಲಕೋಟೆ ಕಡೆಯ ಕನ್ನಡದ ಮನೆಗಳಲ್ಲಿ ಇಳಕಲ್ ಸೀರೆಯನ್ನು ನೀವು ನೋಡಿರಬಹುದು. ನಮ್ಮ ಮನೆಯಲ್ಲಿ ಅಜ್ಜಿಯದೊಂದು ಇದೆ. ಅಜ್ಜಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಉಳಿದಿರುವುದು ಈ ಸೀರೆ ಒಂದೇ. ಆದ್ದರಿಂದ ಅದನ್ನು ಒಗೆಯುವ ಕೆಲಸವನ್ನು ನಾನು ಯಾರಿಗೂ ಕೊಡುವುದಿಲ್ಲ.

ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುಗಳನ್ನು ನೇಕಾರರು ಕೊಂಡಿ ಹಾಕಿ ಜೋಡಿಸಿದ್ದಾರೆ. ನೀರಿನಲ್ಲಿ ಹತ್ತಿಯ ಬಲ ಹೆಚ್ಚುತ್ತದೆ, ರೇಷ್ಮೆಯ ಬಲ ಕುಗ್ಗುತ್ತದೆ. ರೇಷ್ಮೆ ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆ. ಸೋಡಾದ ಕ್ಷಾರ ಅದಕ್ಕಾಗದು. ಒಗೆಯುವಾಗ ಗಟ್ಟಿಯಾದ ಒಡಲನ್ನಲ್ಲ, ನಾಜೂಕಾದ ಸೆರಗನ್ನು ನೆನೆಯಬೇಕು.

ನೀವು ಹೀಗೆ ಮಾಡಿರಿ. ಸೆರಗಿನ ತುದಿಯನ್ನು ಒದ್ದೆಯಾದ ಬಿಳಿ ಅರಿವೆಯಿಂದ ಒತ್ತಿ, ಬಣ್ಣ ಬಿಡುವುದೋ ಎಂದು ಮೊದಲು ನೋಡಿರಿ. ಬಿಟ್ಟರೆ ನೀರಿಗೆ ಹಾಕಬೇಡಿರಿ. ಬಿಡದಿದ್ದರೆ, ರಾತ್ರಿ ನೆನೆಹಾಕಿದ ಅಂಟುವಾಳದ ಸಿಪ್ಪೆಯನ್ನು ಕಿವುಚಿ, ಸೋಸಿ, ಆ ನೊರೆಯನ್ನು ತಣ್ಣೀರಿಗೆ ಬೆರೆಸಿರಿ. ಸೀರೆಯನ್ನು ಅದ್ದಿ, ಅಂಗೈಯಿಂದ ಮೆಲ್ಲನೆ ಒತ್ತಿ ತೆಗೆಯಿರಿ. ಬಂಡೆಗೆ ಬಡಿಯಬಾರದು, ಹಿಂಡಲೂಬಾರದು. ತಿಳಿನೀರಿನಲ್ಲಿ ಜಾಲಿಸಿ, ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ನೆರಳಿನಲ್ಲಿ ಹರವಿರಿ.

ಅರ್ಧ ಗಂಟೆಯ ಕೆಲಸವಿದು. ನನ್ನ ಮಗಳು ಈಗ ಪಕ್ಕದಲ್ಲಿ ಕುಳಿತು ನೊರೆ ಕಲಸುತ್ತಾಳೆ. ಅಜ್ಜಿಯನ್ನು ಆಕೆ ಕಂಡವಳಲ್ಲ.